ಪಾಚಿ, ಹಾವಸೆ, ಮತ್ತೆ ಬರೀ ಹಸಿರು ತಿರುಗಿದ ನೀರು

ಎಲ್ಲರಿಗೂ ನಮಸ್ಕಾರ.

ಒಂದು ಪದದ ತಕರಾರು ತಂದಿದ್ದೇನೆ. ತಕರಾರು ನನ್ನದಲ್ಲ, ನಮ್ಮಮ್ಮನದು. ಹಿಂದಿನ ಕಥೆ ಸ್ವಲ್ಪ ಹೇಳದಿದ್ದರೆ ತಲೆಬುಡ ಗೊತ್ತಾಗುವುದಿಲ್ಲ, ಸಹಿಸಿಕೊಳ್ಳಿ.

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮನೆ ಕೊಂಡಾಗ ಹಿತ್ತಲಲ್ಲಿದ್ದ ಈಜುಕೊಳವೂ ಗಂಟುಬಿತ್ತು. ಸುಮಾರು 20,000 ಗ್ಯಾಲನ್, ಅಂದರೆ 75 ಸಾವಿರ ಲೀಟರ್ ನೀರು. ಇಲ್ಲಿ ಚಳಿಗಾಲಕ್ಕೆ ನೀರು ಮಂಜುಗಟ್ಟುತ್ತದೆ. ಅದಕ್ಕೇ ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಪೈಪಿನೊಳಗಿನ ನೀರನ್ನು ಗಾಳಿ ಊದಿ ಹೊರಹಾಕಿ, ಪಂಪು ನಿಲ್ಲಿಸಿ, ಮೇಲೆ ಹೊದಿಕೆ ಎಳೆದು ಬಿಡುತ್ತಾರೆ. ಮತ್ತೆ ತೆಗೆಯುವುದು ವಸಂತದಲ್ಲಿ. ಮೇ ಕೊನೆಯ ಸೋಮವಾರ ಮೆಮೋರಿಯಲ್ ಡೇ ರಜೆ. ಅದರ ಹಿಂದಿನ ಶನಿವಾರ ತೆಗೆಯುವವರು ಜಾಸ್ತಿ. ಹೋದ ವರ್ಷ ನಾನೂ ಅವತ್ತೇ ತೆಗೆದೆ. ಹೊದಿಕೆ ಸರಿಸಿದರೆ ಒಳಗೆ ಪಾಲಕ್ ಸಾರು! ತಳ ಹಾಗಿರಲಿ, ಎರಡನೇ ಮೆಟ್ಟಿಲೇ ಕಾಣಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಅಪ್ಪಯ್ಯ ಆಗ ಇಲ್ಲೇ ಇದ್ದರು. ದಂಡೆಯಲ್ಲಿ ನಿಂತು ನೋಡಿ, "ಇದನ್ನ ಗದ್ದೆಗೆ ಬಿಟ್ಟಿದ್ರೆ ಈ ವರ್ಷದ ಗೊಬ್ಬರ ಉಳೀತಿತ್ತು ಮಾರಾಯ" ಅಂದರು. ನೀರು ತಿಳಿಯಾಗಲು ಹನ್ನೊಂದು ದಿನ ಹಿಡಿಯಿತು. ಕ್ಲೋರಿನ್‌ಗೆ ಸುರಿದ ದುಡ್ಡಿನ ಲೆಕ್ಕ ಇಲ್ಲಿ ಬೇಡ.

ಈ ಸಲ ಅಪ್ಪ ಅಮ್ಮ ಯುಗಾದಿ ಮುಗಿಸಿಕೊಂಡು ಬಂದಿದ್ದಾರೆ. ಹಗಲು ನಾನು ಆಫೀಸಿಗೆ ಹೋಗಿರುತ್ತೇನೆ. ಅದಕ್ಕೆ ಅಪ್ಪಯ್ಯನಿಗೆ ಏನೇನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದು ಪಂಪಿನ ಹತ್ತಿರ ಅಂಟಿಸೋಣ ಅಂದುಕೊಂಡೆ. ಮೇಲಿನ ಸಾಲು ಹೀಗಿತ್ತು: "ಪಾಚಿ ಕಟ್ಟುವ ಮುನ್ನ ಕೊಳ ತೆರೆಯುವುದು."

ಅಮ್ಮ ಓದಿ ಮೊದಲು ಕೇಳಿದ್ದು, ತೆರೆಯೋಕೆ ಯಾರು ಬರ್ತಾರೆ, ರಿಬ್ಬನ್ ಕತ್ತರಿಸ್ತಾರಾ ಅಂತ. ಅದು ತಮಾಷೆ. ಎರಡನೆಯದು ತಮಾಷೆಯಲ್ಲ. "ಹೋದ ವರ್ಷ ಪಾಚಿ ಎಲ್ಲಿತ್ತು? ನೀರು ಹಸಿರಾಗಿತ್ತು, ಅಷ್ಟೇ. ಗೋಡೆ ಮುಟ್ಟಿ ನೋಡಿದ್ದೆ, ಕೈಗೆ ಏನೂ ಹತ್ತಲಿಲ್ಲ."

ಇಲ್ಲಿ ನಾನು ತಡವರಿಸಿದೆ. ಯೋಚಿಸಿ ನೋಡಿ, ಅಮ್ಮ ಹೇಳಿದ್ದು ಸರಿ ಅಲ್ವಾ? ನನ್ನ ಕಿವಿಗೂ ಪಾಚಿ ಅಂದರೆ ಯಾವುದಕ್ಕಾದರೂ ಅಂಟಿಕೊಂಡಿರುವಂಥದ್ದು. ಬಾವಿಕಟ್ಟೆಗೆ ಪಾಚಿ, ಮಳೆಗಾಲದ ಅಂಗಳಕ್ಕೆ ಪಾಚಿ, ಬಚ್ಚಲ ಕಲ್ಲಿಗೆ ಪಾಚಿ. ಉಜ್ಜದಿದ್ದರೆ ಹಲ್ಲಿಗೂ ಪಾಚಿ. ಜೊತೆಗೆ ಬರುವ ಕ್ರಿಯಾಪದವೂ ಅದನ್ನೇ ಹೇಳುತ್ತದೆ. ಪಾಚಿ 'ಕಟ್ಟುತ್ತದೆ', ಹಾಲಿಗೆ ಕೆನೆ ಕಟ್ಟಿದ ಹಾಗೆ, ಪಾತ್ರೆಗೆ ಮಸಿ ಕಟ್ಟಿದ ಹಾಗೆ. ಇಲ್ಲವೇ ಪಾಚಿ 'ಹಿಡಿಯುತ್ತದೆ', ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ. ಎರಡಕ್ಕೂ ಹಿಡಿದು ನಿಲ್ಲಲು ಒಂದು ಮೈ ಬೇಕು.

ಆದರೆ ವಸಂತದ ಕೊಳದಲ್ಲಿ ನಡೆಯುವುದು ಬೇರೆ. ಮೊದಲು ಬರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಕಣಗಳು. ಅವು ಎಲ್ಲೂ ಅಂಟುವುದಿಲ್ಲ, ನೀರಿನಲ್ಲೇ ತೇಲಾಡುತ್ತಿರುತ್ತವೆ. ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಮಂದವಾಗಿರುತ್ತವೆ. ದಾಟಿದ ಮೇಲೆ ಬಿಸಿಲು ಬಿತ್ತು, ಕ್ಲೋರಿನ್ ಇಲ್ಲ ಅಂದರೆ ಕೆಲವೇ ದಿನಗಳಲ್ಲಿ ನೀರೆಲ್ಲ ಹಸಿರು. ನನ್ನದು ಬಲೆಯ ಹೊದಿಕೆ ಬೇರೆ. ಎಲೆ ತಡೆಯುತ್ತದೆ, ಆದರೆ ಮಳೆನೀರು, ಸಣ್ಣ ಮಣ್ಣು, ಒಂದಿಷ್ಟು ಬಿಸಿಲು ಒಳಗೆ ಇಳಿಯುತ್ತವೆ. ಹಾಗಾಗಿ ಮೇ ಕೊನೆವರೆಗೆ ಕಾಯುವುದು ಅಂದರೆ ಕಾಳು ನೆನೆಸಿ ಮೊಳಕೆ ಕಟ್ಟಿದ ಹಾಗೇ. ನೀರು ಇನ್ನೂ ತಣ್ಣಗಿರುವಾಗ, ಏಪ್ರಿಲ್‌ನಲ್ಲೇ, ಹೊದಿಕೆ ತೆಗೆದು ಪಂಪು ಓಡಿಸಬೇಕು. ಉಪಾಯ ಅಂತ ಇದ್ದರೆ ಅದೊಂದೇ.

ಈ ತೇಲುವ ಹಸಿರಿಗೆ ಕನ್ನಡದಲ್ಲಿ ಏನನ್ನುತ್ತೀರಿ? ಪಠ್ಯಪುಸ್ತಕದ 'ಶೈವಲ' ಇದೆ, ಗೊತ್ತು. ಅದನ್ನು ಹಾಳೆಯ ಮೇಲೆ ಬರೆದರೆ ಅಪ್ಪಯ್ಯ ಯಾರೋ ಪುರೋಹಿತರ ಹೆಸರು ಅಂದುಕೊಳ್ಳುತ್ತಾರೆ. ಕೃಷಿಯವರು 'ನೀಲಿ ಹಸಿರು ಪಾಚಿ' ಅನ್ನುತ್ತಾರೆ, ಭತ್ತದ ಗದ್ದೆಗೆ ಗಾಳಿಯ ಸಾರಜನಕ ಹಿಡಿದುಕೊಡುವಂಥದ್ದು. ಅದು ನೀರಲ್ಲೂ ಇರುತ್ತದೆ, ಆದರೂ ಪಾಚಿ ಅನ್ನುತ್ತಾರಲ್ಲ ಅಂತ ಅಮ್ಮನಿಗೆ ಹೇಳಿದೆ. "ಅದು ಕಾಗದದ ಮಾತು" ಅಂದುಬಿಟ್ಟರು. (ಕೊಳದ ಗೋಡೆಯ ಬಿರುಕಲ್ಲಿ ಕೂರುವ 'ಕಪ್ಪು ಪಾಚಿ' ಅಂತ ಇಲ್ಲಿಯವರು ಬೈಯುವುದೂ ಆ ನೀಲಿ ಹಸಿರಿನ ಜಾತಿಯದೇ. ಗದ್ದೆಯಲ್ಲಿ ನೆಂಟ, ಕೊಳದಲ್ಲಿ ಕಳ್ಳ.)

ಅಮ್ಮ ಕೊಟ್ಟ ಪದ 'ಹಾವಸೆ'. ಮಾತಿನಲ್ಲಿ 'ಹಾವ್ಸೆ'. ನಾನು ಹಾವಸೆಯೂ ಪಾಚಿಯೂ ಒಂದೇ ಅಂತ ಇಷ್ಟು ದಿನ ತಿಳಿದಿದ್ದೆ. ಅಮ್ಮನ ಲೆಕ್ಕದಲ್ಲಿ ಕಲ್ಲಿನ ಮೇಲಿನದು, ಮಾಡಿನ ಹೆಂಚಿನ ಮೇಲಿನ ಮೆತ್ತನೆಯದು, ಕೆರೆ ನೀರಿನ ಮೇಲೆ ಹಾಸಿದ್ದು ಎಲ್ಲ ಹಾವಸೆಯೇ. ಪಾಚಿ 'ಘಟ್ಟದ ಕೆಳಗೆ ಮೈಸೂರ ಕಡೆಯವರ' ಮಾತಂತೆ. ಭೂಗೋಳ ಸ್ವಲ್ಪ ಏರುಪೇರಾಗಿದೆ, ಅದು ಬಿಡಿ. ಬಸವಣ್ಣನವರ ವಚನವೊಂದರಲ್ಲಿ 'ಹಾವಸೆಗಲ್ಲು' ಬರುತ್ತದೆ. ಮೆಟ್ಟಿದರೆ ಜಾರುವ ಕಲ್ಲು. ಅಲ್ಲೂ ಕಲ್ಲಿಗೆ ಅಂಟಿದ್ದೇ. ಅಂದರೆ ಹಾವಸೆಯಿಂದಲೂ ನನ್ನ ಕೊಳದ ನೀರಿಗೆ ಹೆಸರು ಸಿಗಲಿಲ್ಲ.

ನಿಮ್ಮನ್ನು ನಿಜಕ್ಕೂ ಕೇಳಬೇಕಿರುವುದು ಇದು. ಹಳಗನ್ನಡದ ಮೊದಲಕ್ಷರದ ಪ ಆಮೇಲೆ ಹ ಆಯಿತು. ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಪಸುರು ಹಸುರಾಯಿತು. ಪಾವಸೆಯೂ ಹಾವಸೆ ಆಯಿತು. ಹಾಗಾದರೆ ಪಾಚಿ ಯಾಕೆ 'ಹಾಚಿ' ಆಗಲಿಲ್ಲ? ತಮಿಳಿನಲ್ಲಿ ಪಾಸಿ, ತೆಲುಗಿನಲ್ಲಿ ಪಾಚಿ, ಮಲಯಾಳದಲ್ಲಿ ಪಾಯಲ್. ಎಲ್ಲವೂ ಹಸಿರು ಅನ್ನುವ ಒಂದೇ ಬೇರಿನವು. ನಮ್ಮ ಹಸಿ, ಹಸಿರು, ಪಚ್ಚೆ ಎಲ್ಲ ಅದೇ ಬಳಗ. ಪಾಚಿ ನಮ್ಮಲ್ಲಿ ತಡವಾಗಿ ಪಕ್ಕದ ಮನೆಯಿಂದ, ಬಹುಶಃ ತೆಲುಗಿನಿಂದ, ಬಂದಿರಬೇಕು ಅನ್ನುವುದು ನನ್ನ ಊಹೆ. ಹಲ್ಲಿನ ಪಾಚಿ ಅನ್ನುವ ಬಳಕೆ ತೆಲುಗಿನಲ್ಲೂ ಇರುವುದು ಈ ಊಹೆಗೆ ಒಂದು ಆಸರೆ. ಆದರೆ ನನ್ನ ಊಹೆಗೆ ನಾನೇ ಕಲ್ಲು ಹಾಕುತ್ತೇನೆ: ಪಚ್ಚೆಯೂ ಉಳಿದಿದೆ, ಅದೇ ಪದ ಹಚ್ಚೆಯಾಗಿ ಕೈಮೇಲೆ ಚುಚ್ಚಿಸಿಕೊಂಡೂ ಇದೆ. ಹಾಗೆ ಜೋಡಿಯಾಗಿ ಉಳಿದಿರುವಾಗ ಬರೀ ಪ ನೋಡಿ ಹೊರಗಿನದು ಅನ್ನಲಾಗದು. ಹಳೆಯ ಪಠ್ಯ ಓದಿಕೊಂಡವರು ಪಾಚಿ ಎಷ್ಟು ಹಿಂದೆ ಕಂಡಿದೆ ಅಂತ ಹೇಳಿದರೆ ಉಪಕಾರ.

ಇನ್ನು ಉಳಿದ ಪದಗಳ ಗೋಳು. ಇಲ್ಲಿಯವರು ಹೊದಿಕೆ ತೆಗೆದ ಮೇಲೆ ಒಂದೇ ಸಲಕ್ಕೆ ಜಾಸ್ತಿ ಕ್ಲೋರಿನ್ ಹಾಕುವುದಕ್ಕೆ 'ಶಾಕ್' ಅನ್ನುತ್ತಾರೆ. ಹಾಳೆಯಲ್ಲಿ ನಾನು "ಸಂಜೆ ಕೊಳಕ್ಕೆ ಶಾಕ್ ಕೊಡುವುದು" ಅಂತ ಬರೆದಿದ್ದೆ. ಅಮ್ಮ ಎರಡು ದಿನ ಹಿತ್ತಲಿಗೇ ಕಾಲಿಡಲಿಲ್ಲ. ನೀರಿಗೆ ಕರೆಂಟು ಬಿಡ್ತಾರೆ ಅಂತ ಮೊಮ್ಮಗಳನ್ನೂ ಬಿಡಲಿಲ್ಲ. ತಪ್ಪು ಅಮ್ಮನದಲ್ಲ. ಕನ್ನಡದಲ್ಲಿ ಶಾಕ್ 'ಹೊಡೆಯುವುದು' ಕರೆಂಟು, ಇಲ್ಲವೇ ಬಿಲ್ಲು.

ಇದಕ್ಕೆ ಪದ ಕೊಟ್ಟವರು ಅಪ್ಪಯ್ಯ. ಎಲ್ಲ ಕೇಳಿಸಿಕೊಂಡು, "ಕೊಳೆ ಔಷಧಿ ಹೊಡೆದ ಹಾಗೆ ಅನ್ನು" ಅಂದರು. ಅಡಿಕೆಗೆ ಕೊಳೆರೋಗ ಬರುವುದು ಮಳೆಗಾಲದಲ್ಲಿ. ಔಷಧಿ ಹೊಡೆಯುವುದು ಮಳೆ ಹಿಡಿಯುವ ಮುಂಚೆ. ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಮರ ತೊಳೆದ ಹಾಗೆ. ಆ ಔಷಧಿಯೇ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರಿಯಬೇಕು, ಉಲ್ಟಾ ಅಲ್ಲ. ಆಮೇಲೆ ಕತ್ತಿಯ ಅಲಗು ಅದ್ದಿ ನೋಡಬೇಕು. ಕೆಂಪಗೆ ತಾಮ್ರ ಹತ್ತಿದರೆ ಹುಳಿ ಜಾಸ್ತಿ ಇದೆ ಅಂತ, ಇನ್ನಷ್ಟು ಸುಣ್ಣ ಹಾಕಬೇಕು.

ಹಾಗಾಗಿ ಕೊಳದ ಪರೀಕ್ಷೆ ಪಟ್ಟಿಯನ್ನು ನಾನು ವಿವರಿಸಬೇಕಾಗಿಯೇ ಬರಲಿಲ್ಲ. ಪಟ್ಟಿ ನೀರಿಗೆ ಅದ್ದಿ, ಬಣ್ಣ ನೋಡಿ, ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) 7.2ರಿಂದ 7.8ರ ನಡುವೆ ಇದೆಯಾ ಅಂತ ಹೇಳಬೇಕು ಅಂದೆ. "ಹಾಂ, ಕತ್ತಿ ಅದ್ದೋದು" ಅಂದರು. ಪಿಎಚ್ ಏರಿದ್ದರೆ ಹಾಕಿದ ಕ್ಲೋರಿನ್‌ನ ಕಸುವು ಇಳಿಯುತ್ತದೆ, ಅದಕ್ಕೆ ಮೊದಲು ಅದು ಸರಿಯಾಗಬೇಕು ಅಂದಾಗಲೂ ತಲೆಯಾಡಿಸಿದರು. ಕ್ಲೋರಿನ್ ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಆಸಿಡ್ಡಿನ ಹತ್ತಿರವಂತೂ ತರಲೇಬಾರದು, ವಿಷದ ಗಾಳಿ ಏಳುತ್ತದೆ. ಒಂದು ಬಗೆಯ ಕ್ಲೋರಿನ್ ತೆಗೆದ ಚಮಚದಲ್ಲಿ ಇನ್ನೊಂದು ಬಗೆಯದನ್ನು ತೆಗೆದರೂ ಬೆಂಕಿ ಹತ್ತಬಹುದು. ಇವನ್ನೆಲ್ಲ ನಾನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಪುಡಿ ಏನು ಅಂತ ಕೇಳಿದಾಗ ನಮ್ಮ ಬ್ಲೀಚಿಂಗ್ ಪೌಡರಿನ ಅಣ್ಣ ಅಂದೆ. ನಿಜವೇ, ಊರಿನದಕ್ಕಿಂತ ಸುಮಾರು ಎರಡರಷ್ಟು ಗಟ್ಟಿ.

ಪಾಚಿನಾಶಕದ ಬಾಟಲಿ ತೋರಿಸಿದೆ, ತಾಮ್ರ ಇರುವಂಥದ್ದು. ಅಪ್ಪಯ್ಯ ಅದರ ನೀಲಿ ನೋಡಿದ್ದೇ, "ಇದೂ ಮೈಲುತುತ್ತವೇ" ಅಂದರು. ಬಳಗ ಅದೇ. ಜಾಸ್ತಿಯಾದರೆ ಗೋಡೆಗೆ ಕಲೆ ಹತ್ತುತ್ತದೆ, ಇಲ್ಲಿಯ ಹೊಂಬಣ್ಣದ ಕೂದಲಿನ ಮಕ್ಕಳ ತಲೆ ಹಸಿರಾಗುತ್ತದೆ. ಬೈಸಿಕೊಳ್ಳುವುದು ಮಾತ್ರ ಪಾಪದ ಕ್ಲೋರಿನ್.

'ಕೊಳಕ್ಕೆ ಕೊಳೆ ಔಷಧಿ' ಅನ್ನುವುದು ಬರೀ ಶಬ್ದದ ಆಟ ಅಂದುಕೊಂಡಿದ್ದೆ. ಆದರೆ ಕೊಳೆರೋಗ ತರುವ ಫೈಟಾಫ್ತೊರಾ ಇದೆಯಲ್ಲ, ಅದನ್ನು ಬಹಳ ಕಾಲ ಶಿಲೀಂಧ್ರ ಅಂತ ಎಣಿಸಿದ್ದರು. ಈಗಿನ ವರ್ಗೀಕರಣದಲ್ಲಿ ಅದು ಅಣಬೆಗಿಂತ ಸಮುದ್ರದ ಕಂದು ಪಾಚಿಗೇ ಹತ್ತಿರದ ನೆಂಟ. ಅಪ್ಪಯ್ಯನಿಗೆ ಹೇಳಿದೆ. "ನೀರಿದ್ದಲ್ಲಿ ಬರೋದು ಎಲ್ಲಾ ಒಂದೇ ಕುಲ" ಅಂದು ಸುಮ್ಮನಾದರು.

ಹೊದಿಕೆಗೂ ಅವರೇ ಹೆಸರಿಟ್ಟರು, 'ಕೊಟ್ಟೆ'. ಮಲೆನಾಡಿನವರಿಗೆ ಗೊತ್ತಿರುತ್ತದೆ, ಮಳೆ ತಾಗದಂತೆ ಅಡಿಕೆ ಕೊನೆಗೆ ಕಟ್ಟುವ ಚೀಲ. ಮೊದಲು ಕರಡದ ಹುಲ್ಲಿನದು, ಈಗ ಪ್ಲಾಸ್ಟಿಕ್ಕಿನದು. ಹಾಗಾಗಿ 'ಕೊಳ ತೆರೆಯುವುದು' ನಮ್ಮ ಮನೆಯಲ್ಲಿ 'ಕೊಟ್ಟೆ ಬಿಚ್ಚೋದು' ಆಗಿದೆ. ನೀರಿನ ಮಟ್ಟದಲ್ಲಿದ್ದು ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿಗೆ 'ಕೋಡಿ', ತಳದ ತೂತಿಗೆ 'ತೂಬು'. ಕೆರೆಯ ಪದಗಳು ಇಷ್ಟು ಚೆನ್ನಾಗಿ ಕೂರುತ್ತವೆ ಅಂತ ನನಗೆ ಹೊಳೆದೇ ಇರಲಿಲ್ಲ. "ನೀರು ಕೋಡಿಯ ಅರ್ಧಕ್ಕೆ ಬರುವವರೆಗೆ ತುಂಬಿಸಿ" ಅಂತ ಹಾಳೆ ತಿದ್ದಿದ್ದೇನೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಕಾಯುವ ಸಯಾನ್ಯೂರಿಕ್ ಆಸಿಡ್ಡಿಗೆ 'ಕ್ಲೋರಿನ್ನಿನ ಕೊಡೆ' ಅನ್ನುವುದು ನನ್ನ ಸೇರ್ಪಡೆ. ಅಮ್ಮ ಅದೊಂದನ್ನು ಮಾತ್ರ ತಕರಾರಿಲ್ಲದೆ ಪಾಸು ಮಾಡಿದರು. ಕೊಡೆ ದೊಡ್ಡದಾದಷ್ಟೂ ಕ್ಲೋರಿನ್ ಕೆಳಗೆ ಕೂತು ಸೋಮಾರಿಯಾಗುತ್ತದೆ ಅನ್ನುವುದಕ್ಕೂ ಅದೇ ಉಪಮೆ ಸಾಕಾಯಿತು.

ನೀರಿನ ಸ್ಥಿತಿಗಳಿಗೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಔಷಧಿ ಬಿದ್ದು ಹಸಿರು ಸತ್ತ ಮೇಲೆ ನೀರು ಬೂದಿಬಣ್ಣಕ್ಕೆ ಬರುತ್ತದೆ. ಅದಕ್ಕೆ 'ಬಗ್ಗಡ' ಬರೆದೆ. ಫಿಲ್ಟರು ಹಗಲೂ ರಾತ್ರಿ ಓಡಿ ಸರಿಹೋದರೆ 'ತಿಳಿ'. ತಳದಲ್ಲಿ ಕೂತದ್ದು 'ಗಸಿ'. ಮಧ್ಯದ ಆ ಹಸಿರಿಗೆ ಮಾತ್ರ ನಾಮಪದವೇ ಇಲ್ಲ. 'ನೀರು ಹಸಿರು ತಿರುಗಿದೆ' ಅನ್ನುವ ಕ್ರಿಯೆ ಇದೆ, ಎಲೆ ಹಳದಿ ತಿರುಗಿದ ಹಾಗೆ. ನನಗೆ ಸದ್ಯಕ್ಕೆ ಇದೇ ಹಿಡಿಸಿದೆ. ಹೆಸರು ಹುಡುಕುವ ಬದಲು ಕ್ರಿಯೆಯಲ್ಲೇ ಹೇಳಿದರೆ ಕನ್ನಡ ಹಗುರವಾಗುತ್ತದೆ. ಆದರೆ ಬಯಲುಸೀಮೆಯ ಕೆರೆ ಕಲ್ಯಾಣಿಗಳ ಪಕ್ಕ ಬೆಳೆದವರು, ಬೇಸಿಗೆಯಲ್ಲಿ ಹಸಿರಾದ ಆ ನೀರಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು? ಧಾರವಾಡ, ಬಳ್ಳಾರಿ, ಕೋಲಾರದ ಕಡೆಯವರು ದಯವಿಟ್ಟು ಹೇಳಿ. ಕರಾವಳಿಯವರು ಹಾವಸೆ ಅನ್ನುತ್ತೀರಾ, ಪಾಚಿ ಅನ್ನುತ್ತೀರಾ ಅನ್ನುವುದೂ ಬೇಕು. ಅಮ್ಮ ಕಾಯುತ್ತಿದ್ದಾರೆ.

ಇವತ್ತು ಬೆಳಗ್ಗೆ ನೀರು 11 ಡಿಗ್ರಿ ಇತ್ತು. ಕೊಟ್ಟೆ ಬಿಚ್ಚುವುದು ಬರುವ ಶನಿವಾರ. ಹಾಳೆಯ ಮೊದಲ ಸಾಲನ್ನು ಅಲ್ಲಿಯವರೆಗೆ ಖಾಲಿ ಬಿಟ್ಟಿದ್ದೇನೆ.