ನೀಲಿಯೋ, ಹಸಿರು ಬೆರೆತ ನೀಲಿಯೋ?

ಪ್ರಶ್ನೆ:
10×12 ಅಡಿಯ ಮಲಗುವ ಕೋಣೆ, ಗೋಡೆ ಎತ್ತರ 10 ಅಡಿ. ಒಂದೇ ಕಿಟಕಿ, ನೇರ ಬಿಸಿಲು ಬೀಳುವುದಿಲ್ಲ. ರಾತ್ರಿ 3000 ಕೆಲ್ವಿನ್ (ಹಳದಿ ಛಾಯೆಯ ಬೆಳಕಿನ) ಎಲ್‌ಇಡಿ ಬಲ್ಬು. ಶೇಡ್ ಕಾರ್ಡಿನಿಂದ ಒಂದು ತಿಳಿನೀಲಿ, ಒಂದು ಹಸಿರು ಬೆರೆತ ನೀಲಿ ಆರಿಸಿದ್ದೇನೆ. ಈಗಿರುವ ಕೆನೆಬಣ್ಣದ ಗೋಡೆಗೆ ಎರಡನ್ನೂ ಅಂಗೈಯಗಲ ಬಳಿದಿದ್ದೇನೆ. ಹಗಲು ನೀಲಿ ಚೆನ್ನಾಗಿದೆ, ರಾತ್ರಿ ಅದೇ ಬೂದಿಬೂದಿ. ಯಾವುದು ಸರಿ?

ಉತ್ತರ 1:
ದೋಷ ಬಣ್ಣದ್ದಲ್ಲ, ಬೆಳಕಿನದು. ಆ ಬಲ್ಬಿನ ಬೆಳಕಿನಲ್ಲಿ ನೀಲಿ ಅಂಶ ಕಡಿಮೆ. ಬೀಳದ ನೀಲಿಯನ್ನು ಗೋಡೆ ಎಲ್ಲಿಂದ ತೋರಿಸೀತು? ಅದಕ್ಕೇ ತಿಳಿನೀಲಿ ಮಂಕಾಗುತ್ತದೆ. ಹಸಿರು ಬೆರೆತದ್ದು ಅದೇ ಬೆಳಕಿನಲ್ಲಿ ಹಸಿರಿನ ಕಡೆ ವಾಲುತ್ತದೆ, ಆದರೆ ಕಳೆಗುಂದುವುದಿಲ್ಲ. ಬಿಸಿಲು ಬೀಳದ ಕೋಣೆಗೆ ಹಗಲು ಬರುವುದೂ ಆಕಾಶದ ನೀಲಿ ಬೆಳಕೇ. ಅಲ್ಲಿ ಅಪ್ಪಟ ನೀಲಿ ಬಳಿದರೆ ಕೋಣೆ ತೀರಾ ತಣ್ಣಗೆನಿಸುತ್ತದೆ. ನನ್ನ ಮತ ಹಸಿರು ಬೆರೆತದ್ದಕ್ಕೆ. ನೀಲಿಯೇ ಬೇಕೆಂದರೆ ಇನ್ನಷ್ಟು ಬಿಳಿ ಬೆಳಕಿನ 4000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವ ಬಲ್ಬು ಹಾಕಿ ಇನ್ನೊಮ್ಮೆ ನೋಡಿ.

ಉತ್ತರ 2:
ಅದಕ್ಕೂ ಮೊದಲು ಪರೀಕ್ಷೆಯನ್ನೇ ಸರಿ ಮಾಡಿ. ಕೆನೆಬಣ್ಣದ ಪಕ್ಕ ಯಾವ ನೀಲಿಯಾದರೂ ಇರುವುದಕ್ಕಿಂತ ಹೆಚ್ಚು ನೀಲಿಯಾಗಿ ಕಾಣುತ್ತದೆ. 2×2 ಅಡಿಯ ಬಿಳಿ ರಟ್ಟು ಎರಡು ತಗೊಳ್ಳಿ. ಸುತ್ತ 2 ಇಂಚು ಬಿಳಿ ಅಂಚು ಬಿಟ್ಟು, ರೋಲರ್‌ನಲ್ಲೇ 2 ಕೋಟ್ ಹಚ್ಚಿ, ಒಂದು ದಿನ ಒಣಗಿಸಿ. ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆಬಣ್ಣ) ಸಾಮಾನ್ಯವಾಗಿ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ, ಹಸಿಯಿದ್ದಾಗ ತೀರ್ಮಾನ ಬೇಡ. ರಟ್ಟನ್ನು ಕಿಟಕಿಯ ಎದುರು ಗೋಡೆಗೂ ಕಿಟಕಿಯಿರುವ ಗೋಡೆಗೂ ಒರಗಿಸಿ ಬೆಳಿಗ್ಗೆ, ಸಂಜೆ, ರಾತ್ರಿ ನೋಡಿ. ನೆಲದ ಮೇಲೆ ಮಲಗಿಸಬೇಡಿ, ಅಲ್ಲಿ ಬೀಳುವ ಬೆಳಕೇ ಬೇರೆ.

ಉತ್ತರ 3:
ಎರಡೂ ಉತ್ತರ ಒಪ್ಪುತ್ತೇನೆ. ಆದರೆ ಕೆನೆಬಣ್ಣದ ಮೇಲೆ ನೇರ ನೀಲಿ ಬಳಿಯಬೇಡಿ. ಕೋಟ್ ತೆಳುವಾದಲ್ಲೆಲ್ಲ ಒಳಗಿನ ಹಳದಿ ಇಣುಕಿ, ನೀಲಿ ಹಸಿರುಹಸಿರಾಗಿ ಕಾಣುತ್ತದೆ. ಬಿಳಿ ಪ್ರೈಮರ್ ಒಂದು ಕೋಟ್ ಬೇಕೇ ಬೇಕು. ನಾಲ್ಕೂ ಗೋಡೆ ತಮ್ಮ ಬಣ್ಣದ ಬೆಳಕನ್ನು ಒಂದರ ಮೇಲೊಂದು ಪ್ರತಿಫಲಿಸುವುದರಿಂದ ಕೋಣೆಯಲ್ಲಿ ಬಣ್ಣ ರಟ್ಟಿನಲ್ಲಿದ್ದದ್ದಕ್ಕಿಂತ ಗಾಢವಾಗುತ್ತದೆ, ಹಾಗಾಗಿ ಮೆಚ್ಚಿದ್ದಕ್ಕಿಂತ ಒಂದು ಶೇಡ್ ತಿಳಿಯದು ತಗೊಳ್ಳಿ. ಬಾಗಿಲು, ಕಿಟಕಿ ಕಳೆದು ಸುಮಾರು 400 ಚದರಡಿ ಗೋಡೆ. ಲೀಟರಿಗೆ ಒಂದು ಕೋಟ್ 100 ಚದರಡಿ ಎಂದಿಟ್ಟರೆ 2 ಕೋಟ್‌ಗೆ 8 ಲೀಟರ್. ಎರಡು ಡಬ್ಬಿ ಬಂದರೆ ಶುರುಮಾಡುವ ಮುಂಚೆಯೇ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ. ಮಷಿನ್ ಬೆರೆಸಿದ ಬಣ್ಣದಲ್ಲೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆ ವ್ಯತ್ಯಾಸ ಬರುತ್ತದೆ, ಹಸಿರು ಬೆರೆತ ನೀಲಿಯಲ್ಲಿ ಅದು ಗೋಡೆಯ ನಡುವೆಯೇ ಎದ್ದು ಕಾಣುತ್ತದೆ.