ಉದ್ಯಾನದಲ್ಲಿ ಅಡಗಿಸಿಟ್ಟ ಜಿಯೋಕ್ಯಾಶ್ ಎರಡು ಬಾರಿ ಹುಡುಕಿದರೂ ಸಿಗುತ್ತಿಲ್ಲ

ಪ್ರಶ್ನೆ:
ಮನೆಯ ಸಮೀಪದ ಉದ್ಯಾನದಲ್ಲಿರುವ ಒಂದು ಜಿಯೋಕ್ಯಾಶನ್ನು (ಜಿಪಿಎಸ್ ನೆರವಿನಿಂದ ಹುಡುಕುವ ಆಟಕ್ಕಾಗಿ ಯಾರಾದರೂ ಅಡಗಿಸಿಡುವ ಡಬ್ಬಿ) ಎರಡು ಸಂಜೆ ಹುಡುಕಿ ಬರಿಗೈಯಲ್ಲಿ ಮರಳಿದ್ದೇನೆ. ಕಷ್ಟದ ಮಟ್ಟ 5ರಲ್ಲಿ 2 ಎಂದಿದೆ. ಸುಳಿವಿನಲ್ಲಿ ‘ಆಯಸ್ಕಾಂತ’ ಎಂಬ ಒಂದೇ ಪದವಿದೆ. ದೊಡ್ಡ ಮರಗಳ ಕೆಳಗೆ ನಿಂತಾಗ ಫೋನು ಒಮ್ಮೆ ಕಲ್ಲುಬೆಂಚನ್ನೂ ಮತ್ತೊಮ್ಮೆ ಹತ್ತು ಹೆಜ್ಜೆ ಆಚೆಯ ಕಬ್ಬಿಣದ ಬೇಲಿಯನ್ನೂ ತೋರಿಸುತ್ತದೆ. ಮಕ್ಕಳು ಆಡುವ ಜಾಗ ಪಕ್ಕದಲ್ಲೇ ಇರುವುದರಿಂದ, ಬೆಂಚಿನ ಅಡಿಗೆ ಬಗ್ಗಿ ಇಣುಕುವ ನನ್ನನ್ನು ಜನರು ಅನುಮಾನದಿಂದ ನೋಡುತ್ತಾರೆ. ಡಬ್ಬಿ ಕಳುವಾಗಿರಬಹುದೇ, ಅಥವಾ ಬೆಂಚಿನ ಬುಡದ ಮಣ್ಣನ್ನು ಕೆದಕಿ ನೋಡಬೇಕೇ?

ಉತ್ತರ 1:
ದಯವಿಟ್ಟು ಕೆದಕಬೇಡಿ. ಜಾಗದ ಒಡೆಯರ ಸ್ಪಷ್ಟ ಅನುಮತಿಯಿಲ್ಲದೆ ಡಬ್ಬಿಯನ್ನು ಹೂಳಬಾರದೆಂಬುದು ಈ ಆಟದ ನಿಯಮ. 2000ದ ಮೇ ತಿಂಗಳ ಆರಂಭದಲ್ಲಿ, ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರವು ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆಯೇ ಈ ಆಟ ಹುಟ್ಟಿತು. ಆದರೂ ಎಲೆಗಳ ಮರೆಯಲ್ಲಿ ಸಂಕೇತ ಕ್ಷೀಣಿಸುವುದರಿಂದ ಹತ್ತು ಮೀಟರಿನ ವ್ಯತ್ಯಾಸ ಇಂದಿಗೂ ಸಾಮಾನ್ಯ. ಅಡಗಿಸಿದವರ ಉಪಕರಣದ ದೋಷವೂ ಇದಕ್ಕೆ ಸೇರಿಕೊಳ್ಳುತ್ತದೆ. ಆದುದರಿಂದ ಕೊನೆಯ ಹತ್ತು ಹೆಜ್ಜೆಗಳಲ್ಲಿ ಫೋನನ್ನು ಜೇಬಿಗಿಳಿಸಿ ಕಣ್ಣನ್ನೇ ನಂಬಿರಿ. ಆಯಸ್ಕಾಂತ ಕಲ್ಲಿಗೆ ಅಂಟುವುದಿಲ್ಲವಲ್ಲ! ಬೇಲಿಯ ಅಡ್ಡಪಟ್ಟಿಗಳ ಹಿಂಬದಿಯನ್ನೂ ಇತರ ಬೋಲ್ಟುಗಳಿಗಿಂತ ಹೊಸದಾಗಿ ಕಾಣುವ ಬೋಲ್ಟನ್ನೂ ಪರೀಕ್ಷಿಸಿ. ವಿದ್ಯುತ್ ಪೆಟ್ಟಿಗೆಗೆ ಮಾತ್ರ ಕೈ ಹಾಕಬೇಡಿ.

ಉತ್ತರ 2:
ಮೇಲಿನ ಮಾತಿಗೆ ಒಂದು ಸೇರಿಕೆ. ಸಿಗದಿದ್ದರೆ ಆಟದ ಜಾಲತಾಣದಲ್ಲಿ ‘ಸಿಗಲಿಲ್ಲ’ ಎಂದು ದಾಖಲಿಸಲು ಅನೇಕರು ಸಂಕೋಚಪಡುತ್ತಾರೆ. ಆದರೆ ಅಂಥ ದಾಖಲೆಗಳು ಸಾಲಾಗಿ ಬಂದಾಗಲೇ ಡಬ್ಬಿಯ ಒಡೆಯರಿಗೆ ಅದು ಕಾಣೆಯಾಗಿರುವ ಸಂಶಯ ಮೂಡುತ್ತದೆ. ಇತ್ತೀಚೆಗೆ ಯಾರಿಗಾದರೂ ಸಿಕ್ಕಿದೆಯೇ ಎಂಬುದನ್ನು ಮೊದಲು ನೋಡಿ. ಕಳೆದಿದೆಯೆಂದು ಊಹಿಸಿ ನೀವೇ ಬೇರೊಂದು ಡಬ್ಬಿಯನ್ನು ಇಟ್ಟುಬಿಡಬೇಡಿ. ಯಾರಾದರೂ ವಿಚಾರಿಸಿದರೆ ಕಥೆ ಕಟ್ಟದೆ ಆಟದ ವಿಷಯವನ್ನೇ ಹೇಳುವುದು ಒಳ್ಳೆಯದು. ಮಕ್ಕಳಿಲ್ಲದ ಬೆಳಗಿನ ಹೊತ್ತು ಇನ್ನೂ ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ:
ಇಂದು ಬೆಳಿಗ್ಗೆ ಸಿಕ್ಕಿತು. ಮುಂದೆ ಹುಡುಕುವವರ ಆನಂದವನ್ನು ಕೆಡಿಸಬಾರದೆಂದು ನಿಖರವಾದ ಜಾಗವನ್ನು ಬರೆಯುತ್ತಿಲ್ಲ. ಕಲ್ಲುಬೆಂಚಿನ ಮೇಲೆ ನಾನು ಹೊರಿಸಿದ್ದ ಅನುಮಾನವನ್ನಂತೂ ಹಿಂತೆಗೆದುಕೊಂಡಿದ್ದೇನೆ. ಒಳಗಿನ ಕಾಗದದ ಸುರುಳಿ ಒದ್ದೆಯಾಗಿದ್ದು ಹೆಸರು ಬರೆಯಲು ಪೆನ್ಸಿಲ್ ಬೇಕಾಯಿತು. ಹೊಸ ಕಾಗದ ಇಡುವಂತೆ ಒಡೆಯರಿಗೆ ತಿಳಿಸಿದ್ದೇನೆ.