ಕರಿ ಪೋಸ್ಟರ್ ಮೇಲೆ ಹೊಳೆಯುವ ಅಕ್ಷರ: ನೀವೆಲ್ಲ ಹೇಗೆ ಮಾಡ್ತೀರಿ?

ಹೊನ್ನಾವರದಿಂದ, ಕೇಳಿದವರು:
ನಮ್ಮೂರ ದೇವಸ್ಥಾನದಲ್ಲಿ ರಾತ್ರಿ ಯಕ್ಷಗಾನ ಆಟ ಇದೆ. ಪೋಸ್ಟರ್ ಕೆಲಸ ನನ್ನ ತಲೆಗೆ ಬಂದಿದೆ. ಕರಿ ಹಿನ್ನೆಲೆ, ಅದರ ಮೇಲೆ ಪ್ರಸಂಗದ ಹೆಸರು ಹೊಳೆಯಬೇಕು. ಫೋಟೋಶಾಪ್‌ನಲ್ಲಿ ಔಟರ್ ಗ್ಲೋ (ಅಕ್ಷರದ ಹೊರಗೆ ಹೊಳಪು ಹರಡುವ ಎಫೆಕ್ಟ್) ಕೊಟ್ಟೆ. ಹೊಳಪು ಬರೋದಿಲ್ಲ, ಅಕ್ಷರದ ಸುತ್ತ ಸುಮ್ನೆ ಹಳದಿ ಬಣ್ಣ ಒರೆಸಿದ ಹಾಗೆ ಕಾಣುತ್ತದೆ. ವಾಟ್ಸಾಪ್‌ಗೂ ಬೇಕು, 6x4 ಅಡಿ ಬ್ಯಾನರ್‌ಗೂ ಬೇಕು. ಮಾಡಿದವರು ಹೇಳಿ.

ಕುಮಟಾದಿಂದ:
ಮೊದಲು ಅಕ್ಷರದ ಬಣ್ಣ ನೋಡಿ. ಅದೂ ಹಳದಿ, ಗ್ಲೋ ಕೂಡ ಹಳದಿ ಇಟ್ಟಿರ್ತೀರಿ, ಅಲ್ವಾ? ರಾತ್ರಿ ತದಡಿ ಬಂದರಿನಲ್ಲಿ ಬೋಟಿನ ಲೈಟು ನೋಡಿ. ದೀಪ ಇರುವ ಜಾಗ ಬಹುತೇಕ ಬಿಳಿ, ಬಣ್ಣ ಇರೋದು ಅದರ ಸುತ್ತ. ಪೋಸ್ಟರ್‌ನಲ್ಲೂ ಹಾಗೇ ಮಾಡಬೇಕು. ಅಕ್ಷರವನ್ನು ಬಿಳಿಗೆ ಹತ್ತಿರದ ತಿಳಿ ಹಳದಿ ಮಾಡಿ, ಗ್ಲೋ ಮಾತ್ರ ಗಾಢ ಕಿತ್ತಳೆ ಇಡಿ.

ಎರಡನೆಯದು, ಔಟರ್ ಗ್ಲೋ ಒಂದನ್ನೇ ನಂಬಬೇಡಿ. ನಿಜವಾದ ಬೆಳಕು ಅಂಚಿನಲ್ಲಿ ಜೋರಾಗಿದ್ದು, ಮುಂದೆ ತುಂಬಾ ದೂರ ತೆಳುವಾಗಿ ಹರಡುತ್ತದೆ. ಅದು ಒಂದೇ ಬ್ಲರ್‌ನಲ್ಲಿ ಬರೋದಿಲ್ಲ. ನಾನು ಅಕ್ಷರದ ಲೇಯರನ್ನು (ಅಕ್ಷರ ಇರುವ ಪದರ) ಮೂರು ಸಲ ನಕಲು ಮಾಡಿ, ಮೂಲದ ಕೆಳಗೆ ಇಡುತ್ತೇನೆ. ಅಕ್ಷರದ ಎತ್ತರ 300 ಪಿಕ್ಸೆಲ್ ಇದ್ದರೆ ಮೊದಲ ನಕಲಿಗೆ ಗಾಸಿಯನ್ ಬ್ಲರ್ (ಮಸುಕು ಮಾಡುವ ಫಿಲ್ಟರ್) 6 ಪಿಕ್ಸೆಲ್, ಎರಡನೆಯದಕ್ಕೆ 25, ಮೂರನೆಯದಕ್ಕೆ 90. ಹತ್ತಿರದ್ದು ತಿಳಿ ಬಣ್ಣ, ದೂರದ್ದು ಗಾಢ. ಮೂರಕ್ಕೂ ಬ್ಲೆಂಡ್ ಮೋಡ್ ಸ್ಕ್ರೀನ್, ಅಂದರೆ ಕೆಳಗಿನ ಬಣ್ಣಕ್ಕೆ ಬೆಳಕು ಕೂಡಿಸುವ ಆಯ್ಕೆ. ಆಮೇಲೆ ಒಂದೊಂದರ ಒಪಾಸಿಟಿ (ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದು) ಇಳಿಸುತ್ತಾ ಬನ್ನಿ. ದೊಡ್ಡ ಬ್ಲರ್ ಇದೆಯೋ ಇಲ್ಲವೋ ಅನ್ನುವಷ್ಟು ತೆಳು ಇದ್ದರೆ ಸಾಕು.

ಹಿನ್ನೆಲೆ ಬಿಳಿ ಇದ್ದರೆ ಸ್ಕ್ರೀನ್ ಮೋಡ್‌ನಲ್ಲಿ ಏನೂ ಕಾಣೋದಿಲ್ಲ. ಗ್ಲೋ ಬರ್ತಾ ಇಲ್ಲ ಅಂತ ಕೇಳುವ ಅರ್ಧ ಜನರ ಸಮಸ್ಯೆ ಇದೇ. ನಿಮ್ಮದು ಕರಿ, ತೊಂದರೆ ಇಲ್ಲ.

ಸಿರ್ಸಿಯಿಂದ:
ತಮಾ, ಫೋಟೋಶಾಪ್ ಇಲ್ಲದವರಿಗೂ ದಾರಿ ಇದೆ. ನಾನು ಗಿಂಪ್ ಬಳಸುತ್ತೇನೆ, ದುಡ್ಡು ಕೊಡಬೇಕಾಗಿಲ್ಲ. ಫಿಲ್ಟರ್ಸ್‌ನ ಲೈಟ್ ಅಂಡ್ ಶ್ಯಾಡೋ ಒಳಗೆ ಡ್ರಾಪ್ ಶ್ಯಾಡೋ ಇದೆ. ನೆರಳು ಪಕ್ಕಕ್ಕೆ, ಕೆಳಕ್ಕೆ ಸರಿಯುವ ಎಕ್ಸ್, ವೈ ಎರಡನ್ನೂ ಸೊನ್ನೆ ಮಾಡಿ, ಕರಿ ಬಣ್ಣದ ಬದಲು ಕಿತ್ತಳೆ ಕೊಟ್ಟರೆ ಅದೇ ಗ್ಲೋ ಆಗುತ್ತದೆ. ಮೇಲಿನವರು ಹೇಳಿದ ಮೂರು ಬ್ಲರ್ ಕೂಡ ಇಲ್ಲಿ ಆಗುತ್ತದೆ. ಗ್ಲೋ ಚೌಕಾಕಾರದಲ್ಲಿ ಕತ್ತರಿಸಿದ ಹಾಗೆ ಕಂಡರೆ, ಬ್ಲರ್ ಕೊಡುವ ಮೊದಲು ಲೇಯರ್ ಮೆನುವಿನಲ್ಲಿ ಲೇಯರ್ ಟು ಇಮೇಜ್ ಸೈಜ್ ಒತ್ತಿ.

ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ, ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಹಾಕಿ. ಕೆಲವು ಆವೃತ್ತಿಗಳಲ್ಲಿ ಅದಕ್ಕೆ ವರ್ಲ್ಡ್ ರೆಡಿ ಲೇಔಟ್ ಅನ್ನುತ್ತಾರೆ. ಹಳೆಯ ಸಿಎಸ್ ಆವೃತ್ತಿ ಇದ್ದವರು ಇನ್ನೂ ನುಡಿ ಫಾಂಟಿನಲ್ಲೇ ಕೆಲಸ ಮುಗಿಸುತ್ತಾರೆ, ಅದೂ ಒಳ್ಳೆಯದೇ.

ಅಂಕೋಲಾದಿಂದ:
ಮೊಬೈಲ್ ಒಂದೇ ಇದ್ದವರಿಗೆ ಕ್ಯಾನ್ವಾದಲ್ಲಿ ಎಫೆಕ್ಟ್ಸ್ ಒಳಗೆ ನಿಯಾನ್ ಇದೆ. ವಾಟ್ಸಾಪ್‌ಗೆ ಅಷ್ಟು ಸಾಕು. ಬ್ಯಾನರ್‌ಗೆ ಬೇಡ.

ಕಾರವಾರದಿಂದ, ಪ್ರಿಂಟಿಂಗ್ ಕೆಲಸದವರು:
ಎಲ್ಲರೂ ಮೊಬೈಲ್, ಕಂಪ್ಯೂಟರ್ ಪರದೆ ಬಗ್ಗೆಯೇ ಹೇಳಿದ್ದೀರಿ ಮಾರಾಯ್ರೆ. ಬ್ಯಾನರ್ ಬೆಳಕು ಕೊಡೋದಿಲ್ಲ. ಅದರಲ್ಲಿ ಅತಿ ಹೊಳಪಿನ ಜಾಗ ಅಂದರೆ ಇಂಕು ಬೀಳದ ಬಟ್ಟೆಯ ಬಿಳಿ. ಅದಕ್ಕೇ ಅಕ್ಷರದ ನಡುವೆ ಪೂರ್ತಿ ಬಿಳಿ ಬಿಡಿ. ಮಾನಿಟರ್‌ನಲ್ಲಿ ಮಿಂಚುವ ನೀಲಿ, ಗಿಳಿ ಹಸಿರು ನಾಲ್ಕು ಬಣ್ಣದ ಪ್ರಿಂಟಿಗೆ ಬಂದಾಗ ಮಂಕಾಗುತ್ತವೆ. ಕಿತ್ತಳೆ, ಹಳದಿ ಸ್ವಲ್ಪ ತಡೆದುಕೊಳ್ಳುತ್ತವೆ. ಫೋಟೋಶಾಪ್‌ನ ವ್ಯೂ ಮೆನುವಿನಲ್ಲಿ ಪ್ರೂಫ್ ಕಲರ್ಸ್ ಒತ್ತಿದರೆ ಏನು ಕಳೆದುಕೊಳ್ತೀರಿ ಅಂತ ಮೊದಲೇ ಗೊತ್ತಾಗುತ್ತದೆ.

6x4 ಅಡಿಯನ್ನು 72 ರೆಸಲ್ಯೂಷನ್‌ಗೆ (ಇಂಚಿಗೆ 72 ಪಿಕ್ಸೆಲ್) ಹಾಕಿದರೆ 5184 x 3456 ಪಿಕ್ಸೆಲ್. ದೂರದಿಂದ ನೋಡುವ ಬ್ಯಾನರ್‌ಗೆ ಅಷ್ಟು ಸಾಕು. ಆದರೆ ಔಟರ್ ಗ್ಲೋದ ಸೈಜ್ 250 ಪಿಕ್ಸೆಲ್‌ಗಿಂತ ಮುಂದೆ ಹೋಗೋದಿಲ್ಲ. ಅಷ್ಟು ದೊಡ್ಡ ಅಕ್ಷರಕ್ಕೆ ಅದು ಸಣ್ಣ ಅಂಚಾಗಿ ಕಾಣುತ್ತದೆ. ಹಾಗಾಗಿ ಕುಮಟಾದವರ ಮೂರು ಬ್ಲರ್ ದಾರಿಯೇ ಸರಿ. ವಾಟ್ಸಾಪ್‌ಗೆ ಮಾಡಿದ್ದನ್ನು ಹಿಗ್ಗಿಸಿ ತರಬೇಡಿ. ದೊಡ್ಡದನ್ನು ಮೊದಲು ಮಾಡಿ, ಸಣ್ಣದನ್ನು ಅದರಿಂದ ತೆಗೆಯಿರಿ.

ಅಂದಹಾಗೆ ನಮ್ಮ ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧ ಇದೆ, ಬಟ್ಟೆಯ ಮೇಲೆ ಮಾಡಿಸಿ. ಬಟ್ಟೆ ಇಂಕು ಹೀರಿಕೊಳ್ಳುತ್ತದೆ, ಕರಿ ಅಷ್ಟು ಕರಿಯಾಗಿ ಬರೋದಿಲ್ಲ. ಕರಿ ತಿಳಿಯಾದಷ್ಟೂ ಗ್ಲೋ ಸೋಲುತ್ತದೆ. ತೆಳು ಬ್ಲರ್ ಅನ್ನು ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.

ಯಲ್ಲಾಪುರದಿಂದ:
ಕನ್ನಡಕ್ಕೇ ಸೇರಿದ ಒಂದು ಪೇಚಿದೆ, ಯಾರೂ ಹೇಳಲಿಲ್ಲ. ಗ್ಲೋ ಹೊರಗೆ ಮಾತ್ರ ಹರಡೋದಿಲ್ಲ, ಅಕ್ಷರದ ಹೊಟ್ಟೆಯೊಳಗೂ ತುಂಬುತ್ತದೆ. ನಾನು ನೋಡಿದ ಒಂದು ಪೋಸ್ಟರ್‌ನಲ್ಲಿ ‘ವಧೆ’ ಅಂತ ಇತ್ತು. ‘ಧ’ದ ಕೆಳಗಿನ ಸಣ್ಣ ಸೀಳು ಹೊಳಪಲ್ಲಿ ಮುಚ್ಚಿಹೋಗಿ, ರಸ್ತೆಯಿಂದ ‘ವದೆ’ ಅಂತ ಕಾಣುತ್ತಿತ್ತು. ‘ಠ’ದ ಚುಕ್ಕಿ, ‘ಶ್ರೀ’ಯ ಒತ್ತು ಎಲ್ಲ ಹೀಗೇ ಹೋಗುತ್ತವೆ. ಒತ್ತು ಕೆಳಗಿನ ಸಾಲಿನ ಗ್ಲೋಗೂ ತಾಗುತ್ತದೆ. ಸಾಲಿನ ಅಂತರ ಮಾಮೂಲಿಗಿಂತ ಜಾಸ್ತಿ ಬಿಡಿ, ಅಕ್ಷರಗಳ ನಡುವೆಯೂ ಸ್ವಲ್ಪ ಬಿಡಿ. ‘ಬಲೂ ತಮ್ಮ’ ಥರದ ದಪ್ಪ ಫಾಂಟಿನಲ್ಲಿ ಸೀಳು ಮೊದಲೇ ಕಿರಿದು. ನೋಟೋ ಸ್ಯಾನ್ಸ್ ಕನ್ನಡದ ಮಧ್ಯಮ ದಪ್ಪ ನನಗೆ ಹಿಡಿಸಿದೆ. ಪ್ರಸಂಗದ ಹೆಸರಿಗೆ ಮಾತ್ರ ಗ್ಲೋ ಕೊಡಿ. ದಿನಾಂಕ, ಸ್ಥಳ, ಭಾಗವತರ ಹೆಸರು ಎಲ್ಲಕ್ಕೂ ಕೊಟ್ಟರೆ ಯಾವುದೂ ಹೊಳೆಯೋದಿಲ್ಲ.

ಕುಮಟಾದಿಂದ, ಮತ್ತೆ:
ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ. ಆಗ ಗ್ಲೋ ಇದ್ದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಹಿನ್ನೆಲೆಗೆ ಒಂದೆರಡು ಶೇಕಡಾ ನಾಯ್ಸ್ (ಸಣ್ಣ ಸಣ್ಣ ಚುಕ್ಕಿ) ಸೇರಿಸಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಹೊನ್ನಾವರದಿಂದ, ಕೇಳಿದವರು:
ಅಕ್ಷರ ಬಿಳಿ ಮಾಡಿದ ಕೂಡಲೇ ಅರ್ಧ ಸರಿಯಾಯಿತು. ನನ್ನ ಪ್ರಸಂಗದ ಹೆಸರಿನಲ್ಲೂ ‘ಧ’ ಇದೆ, ಈಗ ಫಾಂಟ್ ಬದಲಿಸುತ್ತಾ ಇದ್ದೇನೆ. ಕಾರವಾರದವರೆ, ಬಟ್ಟೆಯ ಮೇಲೆ ಒಂದು ಅಡಿಯಷ್ಟು ಮಾದರಿ ಪ್ರಿಂಟ್ ತೆಗೆದು ಕೊಡ್ತಾರಾ?

ಕಾರವಾರದಿಂದ:
ಕೇಳಿದರೆ ಕೊಡ್ತಾರೆ. ಬರೀ ‘ಧ’ ಬರುವ ಭಾಗವನ್ನು ನಿಜವಾದ ಅಳತೆಯಲ್ಲಿ ಕತ್ತರಿಸಿ ಕೊಡಿ, ಪೂರ್ತಿ ಪೋಸ್ಟರನ್ನು ಸಣ್ಣದು ಮಾಡಿ ಅಲ್ಲ.